ಗುಲಗಂಜಿ ಹುಳುವಿನ ಪಾಲು

ಬೆಂಗಳೂರಿಗೆ ಪ್ಲೇಗು ಕಾಲಿಟ್ಟದ್ದು 1898ರ ಆಗಸ್ಟ್‌ನಲ್ಲಿ. ಪೇಟೆಯ ಇಕ್ಕಟ್ಟಿನ ಓಣಿಗಳನ್ನು ಬಿಟ್ಟು ಜನ ಗಾಳಿ ಬೆಳಕಿನ ಜಾಗ ಹುಡುಕಿದರು. ಬಸವನಗುಡಿ, ಮಲ್ಲೇಶ್ವರಗಳು ಬೆಳೆದದ್ದು ಆ ಭಯದ ಬೆನ್ನಿಗೆ. ಚಾಮರಾಜಪೇಟೆ ಅವಕ್ಕಿಂತ ಕೆಲವು ವರ್ಷ ಹಿರಿಯದು. ಈ ಬಡಾವಣೆಗಳ ಹಳೆಯ ಮನೆಗಳಿಗೆ ಮುಂದೊಂದಿಷ್ಟು, ಹಿಂದೊಂದಿಷ್ಟು ಮಣ್ಣಿತ್ತು. ಅಲ್ಲಿ ದಾಸವಾಳ, ಸೀಬೆ, ದಾಳಿಂಬೆ, ಕರಿಬೇವು, ತೆಂಗು ಬಂದವು. ಅದೇ 1898ರ ಜೂನ್‌ನಲ್ಲಿ, ಪ್ಲೇಗಿಗೆ ಎರಡು ತಿಂಗಳು ಮುಂಚೆ, ಆಸ್ಟ್ರೇಲಿಯದಿಂದ ದಕ್ಷಿಣ ಭಾರತಕ್ಕೆ ಒಂದು ಪುಟ್ಟ ದುಂಬಿ ಬಂದಿತ್ತು. ತರಿಸಿದವರು ನ್ಯೂಪೋರ್ಟ್ ಎಂಬ ಕಾಫಿ ಬೆಳೆಗಾರರು. ಹುಳುವಿನ ಹೆಸರು ಕ್ರಿಪ್ಟೊಲೀಮಸ್. ನಾವು ಗುಲಗಂಜಿ ಹುಳು ಎಂದು ಕರೆಯುವ ಬಳಗದ್ದೇ, ಆದರೆ ಕೆಂಪು ಮೈಯೂ ಇಲ್ಲ, ಚುಕ್ಕೆಯೂ ಇಲ್ಲ. ಕಪ್ಪು ರೆಕ್ಕೆ, ಕಿತ್ತಳೆ ಬಣ್ಣದ ತಲೆ, ಉದ್ದ ನಾಲ್ಕು ಮಿಲಿಮೀಟರಿನಷ್ಟು.

ಕಾಫಿ ಗಿಡದ ರಸ ಹೀರುವ ಹಸಿರು ಶಲ್ಕಕೀಟವನ್ನು ಇದು ತಿನ್ನಲಿ ಎಂಬುದು ಅವರ ಆಸೆ. ಆ ಕೆಲಸ ಹುಳುವಿನಿಂದ ಆಗಲಿಲ್ಲ. ಆದರೆ ಅದು ಅಳಿದೂ ಹೋಗಲಿಲ್ಲ. ತನಗೆ ಒಗ್ಗುವ ಊಟವನ್ನು, ಅಂದರೆ ಹಿಟ್ಟು ತಿಗಣೆಯನ್ನು, ತಾನೇ ಹುಡುಕಿಕೊಂಡು ಈ ಸೀಮೆಯಲ್ಲಿ ನೆಲೆ ನಿಂತಿತು. ಹಲವು ದಶಕಗಳ ಬಳಿಕ ಬೆಂಗಳೂರಿನ ವಿಜ್ಞಾನಿಗಳು ದ್ರಾಕ್ಷಿ, ಸೀಬೆ, ನಿಂಬೆ ತೋಟಗಳಿಗೆ ಹಿಟ್ಟು ತಿಗಣೆ ಮುತ್ತಿದಾಗ ಕೈಗೆತ್ತಿಕೊಂಡದ್ದು ಇದನ್ನೇ.

ದಾಸವಾಳದ ಚಿಗುರು ಮುದುಡಿ, ಗೊಂಚಲಾಗಿ, ಹತ್ತಿ ಮೆತ್ತಿದಂತೆ ಬೆಳ್ಳಗಾಗುವುದನ್ನು ಈ ಬಡಾವಣೆಗಳ ಎಲ್ಲರೂ ನೋಡಿದ್ದಾರೆ. ಬೂಷ್ಟು ಹಿಡಿದಿದೆ ಎನ್ನುತ್ತಾರೆ. ಹತ್ತಿರದಿಂದ ನೋಡಿದರೆ ಅದು ಸಾವಿರಾರು ಹಿಟ್ಟು ತಿಗಣೆಗಳ ಸಂಸಾರ: ಬಿಳಿ ಪುಡಿ ಬಳಿದುಕೊಂಡ ಮೆತ್ತನೆಯ ತಾಯಂದಿರು, ನೂಲಿನ ಚೀಲದಲ್ಲಿ ಗುಲಾಬಿ ಬಣ್ಣದ ಮೊಟ್ಟೆಗಳು, ಕಣ್ಣಿಗೆ ಕಂಡೂ ಕಾಣದ ಮರಿಗಳು. ಆ ಬಿಳುಪಿನ ನಡುವೆ ಕೆಲವು ಬೇರೆಯವುಗಳಿಗಿಂತ ದಪ್ಪ. ಮೈಯಿಂದ ಮೇಣದ ಉದ್ದ ಎಳೆಗಳು ಇಳಿಬಿದ್ದಿರುತ್ತವೆ. ಕಡ್ಡಿಯಿಂದ ಮುಟ್ಟಿದರೆ ಸರಸರನೆ ಓಡುತ್ತವೆ. ತಿಗಣೆ ಹಾಗೆ ಓಡುವುದಿಲ್ಲ. ಓಡುವುದು ಕ್ರಿಪ್ಟೊಲೀಮಸ್‌ನ ಮರಿಹುಳು. ಮೊಟ್ಟೆಯ ಚೀಲ ಹರಿದು ತಿನ್ನುತ್ತ, ಬೆಳೆದು ದೊಡ್ಡದಾಗುವಷ್ಟರಲ್ಲಿ ಒಂದೊಂದೂ ನೂರಾರು ಮೊಟ್ಟೆಗಳನ್ನು ಮುಗಿಸುತ್ತದೆ. ಕಾಂಡದುದ್ದಕ್ಕೂ ಹತ್ತಿ ಇಳಿಯುವ ಇರುವೆಗಳು ತಿಗಣೆ ಸುರಿಸುವ ಸಿಹಿ ಅಂಟಿಗಾಗಿ ತಿಗಣೆಯನ್ನೇ ಕಾಯುತ್ತವೆ, ಬಂದ ದುಂಬಿಯನ್ನು ಅಟ್ಟುತ್ತವೆ. ಮರಿಹುಳುವಿನ ಮೇಣದ ಹೊದಿಕೆ ಆ ಕಾವಲನ್ನು ತಪ್ಪಿಸಲೂ ಆಗಿಬರುತ್ತದೆ. ಮನೆಯ ಯಜಮಾನರಿಗೆ ಇದಾವುದೂ ಗೊತ್ತಾಗುವುದಿಲ್ಲ. ಅವರ ಕಣ್ಣಿಗೆ ಎರಡೂ ಬಿಳಿ ಹುಳವೇ. ಅಂಗಡಿಯಿಂದ ತಂದ ಔಷಧಿಯನ್ನು ಎರಡಕ್ಕೂ ಒಟ್ಟಿಗೆ ಹೊಡೆಯುತ್ತಾರೆ. ಮೇಣದ ಪುಡಿಯೊಳಗಿನ, ಚಿಗುರಿನ ಮಡಿಕೆಯೊಳಗಿನ ತಿಗಣೆಯಲ್ಲಿ ಅಷ್ಟಿಷ್ಟು ಉಳಿದುಕೊಳ್ಳುತ್ತದೆ. ಬಯಲಲ್ಲಿ ಓಡಾಡುವ ದುಂಬಿ ಉಳಿಯುವುದಿಲ್ಲ. ಕೆಲವು ವಾರಗಳಲ್ಲಿ ಚಿಗುರು ಮತ್ತೆ ಬಿಳಿಯಾಗುತ್ತದೆ, ಈ ಸಲ ತಿನ್ನುವವರಿಲ್ಲದೆ.

ಇದು ಕಾಂಪೌಂಡಿನೊಳಗಿನ ಮಾತು. ದೇವನಹಳ್ಳಿ, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರದ ದ್ರಾಕ್ಷಿ ಚಪ್ಪರಗಳಲ್ಲಿ ಇದೇ ಕಥೆ ದೊಡ್ಡ ಪ್ರಮಾಣದಲ್ಲಿ ನಡೆಯುತ್ತದೆ. ಬೆಂಗಳೂರು ನೀಲಿ ದ್ರಾಕ್ಷಿ ಈ ಊರಿನ ಹೆಸರು ಹೊತ್ತ ಬೆಳೆ. ಅದರ ಬೆಳೆಗಾರರಿಗಾಗಿ ತೋಟಗಾರಿಕೆ ತಜ್ಞ ಎಂ.ಎಚ್. ಮರಿಗೌಡರ ಮುತುವರ್ಜಿಯಿಂದ 1959ರಲ್ಲಿ ಕಟ್ಟಿದ ಸಹಕಾರ ಸಂಘವೇ ಮುಂದೆ ಹಾಪ್‌ಕಾಮ್ಸ್ ಆಯಿತು. ದ್ರಾಕ್ಷಿಯಲ್ಲಿ ಹಿಟ್ಟು ತಿಗಣೆ ಬಳ್ಳಿಯ ಸಿಪ್ಪೆಯಡಿ ಅಡಗುತ್ತದೆ, ಹಣ್ಣು ತುಂಬುವ ಹೊತ್ತಿಗೆ ಗೊಂಚಲಿನೊಳಗೆ ನುಗ್ಗುತ್ತದೆ. ಅಲ್ಲಿಗೆ ಔಷಧಿ ತಲುಪುವುದಿಲ್ಲ. ತಲುಪುವಷ್ಟು ಹೊಡೆದರೆ ಕೊಯ್ಲಿನ ಹೊತ್ತಿಗೆ ವಿಷ ಹಣ್ಣಿನಲ್ಲೇ ಉಳಿಯುತ್ತದೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿ ಎಂ. ಮಣಿ, ಎ. ಕೃಷ್ಣಮೂರ್ತಿ ಮುಂತಾದವರು ಬಳ್ಳಿಗೆ ಹತ್ತರಂತೆ ಕ್ರಿಪ್ಟೊಲೀಮಸ್ ಬಿಟ್ಟು, ತಿಗಣೆಯ ಸಂಖ್ಯೆ ಕುಸಿಯುವುದನ್ನು ತೋರಿಸಿದರು. ಕುಸಿಯಲು ವಾರಗಳು, ಕೆಲವೆಡೆ ಎರಡು ತಿಂಗಳಿಗೂ ಹೆಚ್ಚು ಹಿಡಿಯಿತು. ಹಿಡಿದ ಈ ಕಾಲದ ಮಾತನ್ನು ಮುಂದೆ ಮತ್ತೆ ಎತ್ತಬೇಕಿದೆ.

ಈ ಹುಳುವನ್ನು ಪ್ರಯೋಗಶಾಲೆಯಲ್ಲಿ ಬೆಳೆಸುವ ಬಗೆ ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಏಣುಗಳಿರುವ, ತೊಟ್ಟು ಗಟ್ಟಿಯಾದ ಸಿಹಿಗುಂಬಳಗಳನ್ನು ಆರಿಸಿ, ತೊಳೆದು, ಗಾಯವಿದ್ದಲ್ಲಿ ಮೇಣ ಮೆತ್ತಿ, ಬಲೆ ಕಟ್ಟಿದ ಪೆಟ್ಟಿಗೆಯಲ್ಲಿಡುತ್ತಾರೆ. ಅದರ ಮೇಲೆ ಹಿಟ್ಟು ತಿಗಣೆಯ ಮರಿಗಳನ್ನು ಬಿಡುತ್ತಾರೆ. ಎರಡು ಮೂರು ವಾರದಲ್ಲಿ ಕಾಯಿಯ ಬಣ್ಣವೇ ಕಾಣದಂತೆ ತಿಗಣೆ ಮುತ್ತಿದ ಮೇಲೆ ದುಂಬಿಗಳನ್ನು ಒಳಕ್ಕೆ ಬಿಟ್ಟು, ಮೊಟ್ಟೆಯಿಟ್ಟ ಬಳಿಕ ತೆಗೆಯುತ್ತಾರೆ. ಸುಮಾರು ಒಂದು ತಿಂಗಳಲ್ಲಿ ಹೊಸ ದುಂಬಿಗಳು ಬಲೆಗೆ ಬಂದು ಕೂರುತ್ತವೆ. ಮಿತ್ರನನ್ನು ಬೆಳೆಸಬೇಕಾದರೆ ಮೊದಲು ಶತ್ರುವನ್ನು ಜೋಪಾನವಾಗಿ ಬೆಳೆಸಬೇಕು. ತಿಗಣೆ ಒಂದು ವಾರ ಕಡಿಮೆ ಬಿದ್ದರೆ ದುಂಬಿಯ ಸಾಲು ಅಲ್ಲಿಗೇ ನಿಲ್ಲುತ್ತದೆ. ಪೆಟ್ಟಿಗೆಯೊಳಗಿನ ಈ ನಿಯಮ ಹೊಲಕ್ಕೂ ಅಷ್ಟೇ ಸಲ್ಲುತ್ತದೆ. ಗುಲಗಂಜಿ ಹುಳುವಿಗೂ ಒಂದು ಹೊಟ್ಟೆಯಿದೆ. ಒಂದೂ ಹುಳ ಕಾಣಬಾರದು ಎಂದು ಪಣ ತೊಟ್ಟ ತೋಟದಲ್ಲಿ ಅದು ಬದುಕುವುದಿಲ್ಲ, ನಾವು ಎಷ್ಟು ಸಾವಿರ ತಂದು ಬಿಟ್ಟರೂ.

ಆದ್ದರಿಂದ ಗುಲಗಂಜಿ ಹುಳುವನ್ನು ಡಬ್ಬಿಯಲ್ಲಿ ಕೊಂಡು ತರುವ, ಇನ್ನೊಂದು ಬಗೆಯ ಔಷಧಿ ಎಂದು ಪ್ರಚಾರ ಮಾಡುವುದನ್ನು ನಾನು ಒಪ್ಪುವುದಿಲ್ಲ. ಅದು ಒಂದು ಏರ್ಪಾಡು; ಅದರಲ್ಲಿ ಕೀಟಕ್ಕೂ ಒಂದು ಪಾಲನ್ನು ಬಿಟ್ಟುಕೊಡಬೇಕು. ಆ ಪಾಲು ಎಷ್ಟು, ಅದನ್ನು ಭರಿಸುವವರು ಯಾರು ಎಂಬುದೇ ಇಲ್ಲಿನ ನಿಜವಾದ ಪ್ರಶ್ನೆ. ವಿಜ್ಞಾನ ತನ್ನ ಅರ್ಧ ಕೆಲಸ ಮಾಡಿ ಬಹಳ ಕಾಲವಾಯಿತು.

ಗುಲಗಂಜಿ ಹುಳು ಔಷಧಿಯಲ್ಲ, ಏರ್ಪಾಡು ಎಂಬುದಕ್ಕೆ ಜಗತ್ತಿನ ಮೊದಲ ದೊಡ್ಡ ಸಾಕ್ಷಿ ಕ್ಯಾಲಿಫೋರ್ನಿಯದ್ದು. 1880ರ ದಶಕದಲ್ಲಿ ಅಲ್ಲಿನ ಕಿತ್ತಳೆ ತೋಟಗಳನ್ನು ಆಸ್ಟ್ರೇಲಿಯದ ಒಂದು ಶಲ್ಕಕೀಟ ಒಣಗಿಸುತ್ತಿತ್ತು. ಆಲ್ಬರ್ಟ್ ಕೊಬೆಲೆ ಎಂಬ ಕೀಟತಜ್ಞ 1888ರಲ್ಲಿ ಆಸ್ಟ್ರೇಲಿಯಕ್ಕೆ ಹೋಗಿ ರೊಡೋಲಿಯ ಎಂಬ ಕೆಂಪು ಗುಲಗಂಜಿ ಹುಳುವನ್ನು ಹಡಗಿನಲ್ಲಿ ಕಳಿಸಿದರು. ಎಲ್ಲ ಸೇರಿ ಐನೂರರ ಆಸುಪಾಸು ಹುಳುಗಳು. ಒಂದೆರಡು ವರ್ಷದಲ್ಲಿ ತೋಟಗಳು ಮತ್ತೆ ಹಸಿರಾದವು. ಮುಂದೆ ಅದೇ ಹುಳು ನೀಲಗಿರಿಗೂ ಬಂತು. ಕ್ಯಾಲಿಫೋರ್ನಿಯದಲ್ಲಿ ಐವತ್ತು ವರ್ಷಕ್ಕೂ ಹೆಚ್ಚು ಕಾಲ ಆ ಕೀಟದ ಸುದ್ದಿಯೇ ಇರಲಿಲ್ಲ. ಎರಡನೆಯ ಮಹಾಯುದ್ಧ ಮುಗಿದು, ಬೇರೆ ಕೀಟಗಳಿಗೆಂದು ಡಿಡಿಟಿ ಹೊಡೆಯತೊಡಗಿದರು ನೋಡಿ, ಗುಲಗಂಜಿ ಹುಳು ಸತ್ತಿತು, ಮರೆತೇಹೋಗಿದ್ದ ಶಲ್ಕಕೀಟ ಮತ್ತೆ ಎದ್ದು ಬಂತು. ಕೆಲವು ಬೆಳೆಗಾರರು ಅದೇ ಹುಳುವನ್ನು ಮತ್ತೆ ಹುಡುಕಿ ತರಬೇಕಾಯಿತು.

ನಮ್ಮ ಕಡೆ ಕೀಟಕ್ಕೆ ಪಾಲು ಬಿಡುವುದನ್ನು ವಿಜ್ಞಾನದ ಹೆಸರಿಲ್ಲದೆಯೇ ಮಾಡಿಕೊಂಡು ಬಂದ ಒಂದು ಕ್ರಮವಿತ್ತು. ಹಳೇ ಮೈಸೂರಿನ ರಾಗಿ ಹೊಲದಲ್ಲಿ ಅಕ್ಕಡಿ ಸಾಲು ಬಿಡುತ್ತಿದ್ದರು: ಕೆಲವು ಸಾಲು ರಾಗಿಗೆ ಒಂದು ಸಾಲು ಅವರೆ, ಅಲಸಂದೆ, ಜೋಳ, ಸಾಸಿವೆ, ಹುಚ್ಚೆಳ್ಳು. ಮನೆಗೆ ಬೇಳೆ ಎಣ್ಣೆ ಆಗಲಿ ಎಂಬುದು ಉದ್ದೇಶ. ಆದರೆ ಕೀಟದ ಕಡೆಯಿಂದ ನೋಡಿದರೆ ಆ ಸಾಲು ಗುಲಗಂಜಿ ಹುಳುವಿನ ಅನ್ನಛತ್ರ. ಅಲಸಂದೆ, ಅವರೆಯ ಕುಡಿಗೆ ಕರಿ ಹೇನು ಮೊದಲೇ ಹತ್ತುತ್ತದೆ. ಅದನ್ನು ತಿಂದು ದುಂಬಿ ಒಂದು ಪೀಳಿಗೆ ಮುಗಿಸಿರುತ್ತದೆ. ಹುಚ್ಚೆಳ್ಳಿನ ಹಳದಿ ಹೂವಿನಲ್ಲಿ, ಜೋಳದ ತೆನೆಯಲ್ಲಿ ಪರಾಗ ಸಿಗುತ್ತದೆ. ಹೇನಿಲ್ಲದ ದಿನಗಳಲ್ಲಿ ಅದೇ ಊಟ. ಪಕ್ಕದ ಬೆಳೆಗೆ ಹೇನು ಬರುವ ಹೊತ್ತಿಗೆ ತಿನ್ನುವವರು ಆಗಲೇ ಹೊಲದಲ್ಲಿದ್ದಾರೆ. ಬಸವನಗುಡಿಯ ದೊಡ್ಡ ಬಸವ ಕಡಲೆಕಾಯಿ ಮೇಯ್ದ ಕಥೆಯಲ್ಲಿ ಬರುವ ಸುಂಕೇನಹಳ್ಳಿ, ಗುಟ್ಟಹಳ್ಳಿ, ಮಾವಳ್ಳಿಗಳು ಒಂದು ಕಾಲಕ್ಕೆ ಇಂಥ ಹೊಲಗಳ ಊರುಗಳೇ. ಕಡಲೆಕಾಯಿ ಪರಿಷೆ ಉಳಿದಿದೆ, ಹೊಲ ಹೋಯಿತು. ನಗರದ ಸುತ್ತಲಿನ ತಾಲ್ಲೂಕುಗಳಲ್ಲೂ ಬೆಳೆ ಬದಲಾಗಿ ಅಕ್ಕಡಿ ಸಾಲು ಅಪರೂಪವಾಗಿದೆ. ಎಕರೆಗಟ್ಟಲೆ ಒಂದೇ ಕೋಸು, ಒಂದೇ ಟೊಮೆಟೊ ಹಾಕಿದ ಕಡೆ ಗುಲಗಂಜಿ ಹುಳುವಿಗೆ ಹಸಿವಿನ ಕಾಲ ದೊಡ್ಡದು.

ಇದಕ್ಕೆ ರೈತ ಕೊಡುವ ಉತ್ತರವನ್ನು ಗೌರವದಿಂದ ಕೇಳಬೇಕು. ಹೇನು ಗಂಡಿನ ಹಂಗಿಲ್ಲದೆ ಮರಿ ಹಾಕುತ್ತದೆ. ಬೆಚ್ಚನೆಯ ಹವೆಯಲ್ಲಿ ಆ ಮರಿ ವಾರದೊಳಗೆ ತಾನೂ ತಾಯಿಯಾಗುತ್ತದೆ. ಗುಲಗಂಜಿ ಹುಳು ಮೊಟ್ಟೆಯಿಂದ ದುಂಬಿಯಾಗಲು ಎರಡು ಮೂರು ವಾರ ಬೇಕು. ಹಾಗಾಗಿ ಹೇನು ಯಾವಾಗಲೂ ಮುಂದೆ, ದುಂಬಿ ಹಿಂದೆ. ಹೇನು ಉಕ್ಕಿದ ಮೇಲೆ ದುಂಬಿ ಹಿಡಿತಕ್ಕೆ ತರುವವರೆಗೆ ನಡುವೆ ಒಂದು ಕೆಟ್ಟ ವಾರ ಬಂದೇ ಬರುತ್ತದೆ. ಬಡ್ಡಿಗೆ ಸಾಲ ತಂದು ಬೀಜ ಗೊಬ್ಬರ ಹಾಕಿದವನಿಗೆ, ನಾಳೆ ಗುತ್ತಿಗೆದಾರ ಬಂದು ಬೆಳೆ ನೋಡಿ ರೇಟು ಕಟ್ಟುತ್ತಾನೆ ಎನ್ನುವವನಿಗೆ, ಆ ವಾರವನ್ನು ಸುಮ್ಮನೆ ಕಳೆಯಿರಿ ಎಂದು ಹೇಳುವುದು ಸುಲಭ, ಕೇಳುವುದು ಕಷ್ಟ. ಗೊಬ್ಬರದಂಗಡಿಯಲ್ಲಿ ಔಷಧಿ ಸಾಲಕ್ಕೂ ಸಿಗುತ್ತದೆ, ಯಾವುದನ್ನು ಹೊಡೆಯಬೇಕೆಂಬ ಸಲಹೆ ಅದರ ಜೊತೆಗೇ ಬರುತ್ತದೆ. ಕಾಯುವುದಕ್ಕೆ ಸಾಲ ಕೊಡುವ ಅಂಗಡಿ ಎಲ್ಲಿದೆ?

ಇನ್ನೊಂದು ಆಕ್ಷೇಪ ಅಪಾಯದ್ದು. ಇದನ್ನೂ ತಳ್ಳಿಹಾಕುವಂತಿಲ್ಲ. ಹೇನು ತಿನ್ನಲೆಂದು ಏಷ್ಯದಿಂದ ಅಮೆರಿಕ, ಯೂರೋಪುಗಳಿಗೆ ಒಯ್ದ ಹಾರ್ಮೋನಿಯ ಆಕ್ಸಿರಿಡಿಸ್ ಎಂಬ ಗುಲಗಂಜಿ ಹುಳು ಅಲ್ಲಿನ ಮೂಲ ಜಾತಿಗಳನ್ನು ಹಿಂದಕ್ಕೆ ತಳ್ಳಿತು. 2004ರಲ್ಲಿ ಬ್ರಿಟನ್ನಿಗೂ ದಾಟಿತು. ನಮ್ಮಲ್ಲೇ ಬದನೆ ಎಲೆಯನ್ನು ಜಾಲರಿಯಂತೆ ಕೆರೆದು ತಿನ್ನುವ ಇಪ್ಪತ್ತೆಂಟು ಚುಕ್ಕೆಯ ದುಂಬಿ ಇದೇ ಬಳಗದ್ದು. ಚುಕ್ಕೆ ಕಂಡೊಡನೆ ಮಿತ್ರ ಎಂದುಕೊಂಡರೆ ಬದನೆ ಗಿಡ ಹೋಯಿತು. 1984ರಲ್ಲಿ ಬೆಂಗಳೂರಿನಲ್ಲಿ ಪಾರ್ಥೇನಿಯಂ ಅಂದರೆ ಕಾಂಗ್ರೆಸ್ ಗಿಡವನ್ನು ತಿನ್ನಲೆಂದು ಮೆಕ್ಸಿಕೋದ ಜೈಗೋಗ್ರಾಮ ದುಂಬಿಯನ್ನು ಬಿಟ್ಟರು. ಅದು ಗುಲಗಂಜಿ ಹುಳುವಲ್ಲ, ಬೇರೆ ಬಳಗ. ಕೆಲವೇ ವರ್ಷಗಳಲ್ಲಿ ಊರಿನ ಖಾಲಿ ಸೈಟುಗಳಲ್ಲಿ ಆ ಕಳೆಯನ್ನು ಎಲೆಯಿಲ್ಲದ ಕಡ್ಡಿಯಾಗಿಸಿ ಹೆಸರು ಪಡೆಯಿತು. ಆಮೇಲೆ ಸೂರ್ಯಕಾಂತಿ ಹೊಲದಲ್ಲಿ ಕಾಣಿಸಿಕೊಂಡು ಗಾಬರಿ ಹುಟ್ಟಿಸಿತು. ಪರೀಕ್ಷೆ ಮಾಡಿದ ವಿಜ್ಞಾನಿಗಳಿಗೆ ತಿಳಿದುಬಂದದ್ದು, ಗಾಳಿಯಲ್ಲಿ ಹಾರಿ ಬಂದ ಪಾರ್ಥೇನಿಯಂ ಪರಾಗ ಸೂರ್ಯಕಾಂತಿ ಎಲೆಯ ಮೇಲೆ ಕೂತಿದ್ದರಿಂದ ಹುಳು ಆ ಎಲೆಗೆ ಬಾಯಿ ಹಾಕುತ್ತಿತ್ತು ಎಂದು. ಆ ಉತ್ತರ ಸಿಕ್ಕಿದ್ದು ಊರಿನಲ್ಲೇ ಕೂತು ಎಲೆ, ಪರಾಗ, ಹುಳುವನ್ನು ಸಹನೆಯಿಂದ ಹೋಲಿಸಿ ನೋಡುವವರು ಇದ್ದುದರಿಂದ.

ಇಂಥವರ ಸಾಲು ಈ ಊರಿನಲ್ಲಿ ದೊಡ್ಡದು. ಕೆನಡಾದಿಂದ ಬಂದು ಮೈಸೂರು ಸಂಸ್ಥಾನದ ಕೃಷಿ ಇಲಾಖೆ ಕಟ್ಟಿದ ಲೆಸ್ಲಿ ಕೋಲ್ಮನ್ ಮತ್ತು ಅವರ ಜೊತೆಗಿದ್ದ ಕುಂಞಿ ಕಣ್ಣನ್ ಕಾಫಿಯ ಶಲ್ಕಕೀಟಗಳ ಮೇಲೆ ಬರೆದರು. ಎಂ. ಪುಟ್ಟರುದ್ರಯ್ಯ, ಜಿ.ಪಿ. ಚನ್ನಬಸವಣ್ಣ 1950ರ ದಶಕದಲ್ಲಿ ಮೈಸೂರಿನ ಉಪಕಾರಿ ಗುಲಗಂಜಿ ಹುಳುಗಳನ್ನು ಹುಡುಕಿ, ಯಾವುದು ಏನನ್ನು ತಿನ್ನುತ್ತದೆ ಎಂದು ದಾಖಲಿಸಿದರು. 1957ರಲ್ಲಿ ಕಾಮನ್‌ವೆಲ್ತ್ ಜೈವಿಕ ನಿಯಂತ್ರಣ ಸಂಸ್ಥೆಯ ಭಾರತದ ಕೇಂದ್ರ ಬೆಂಗಳೂರಿಗೆ ಬಂತು. ಹೆಬ್ಬಾಳದಲ್ಲಿ ಇಂದಿರುವ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋ ಆ ಪರಂಪರೆಯಲ್ಲೇ ಬೆಳೆದದ್ದು. ಅಲ್ಲಿ ಜೆ. ಪೂರಣಿ ಭಾರತದ ಗುಲಗಂಜಿ ಹುಳುಗಳನ್ನು ಜಾತಿ ಜಾತಿಯಾಗಿ ಗುರುತಿಸುವ ಕೆಲಸ ಮಾಡಿದರು. 2010ರಲ್ಲಿ ಪಪ್ಪಾಯಿ, ಹಿಪ್ಪುನೇರಳೆಗಳನ್ನು ಹೊಸ ಹಿಟ್ಟು ತಿಗಣೆ ಹಾಳು ಮಾಡುತ್ತಿದ್ದಾಗ ಗುಲಗಂಜಿ ಹುಳು ಒಂದೇ ಸಾಲಲಿಲ್ಲ. ಪೋರ್ಟೊ ರಿಕೊದಿಂದ ಅಸಿರೋಫೇಗಸ್ ಎಂಬ ಕಣಜವನ್ನು ಬೆಂಗಳೂರಿಗೆ ತರಿಸಿ, ಪರೀಕ್ಷಿಸಿ, ಹಂಚಿ ತಿಗಣೆಯನ್ನು ಅಡಗಿಸಿದ್ದು ಈ ಸಂಸ್ಥೆಯೇ. ಯಾವ ಕೀಟಕ್ಕೆ ಯಾವ ಶತ್ರು ಎಂದು ಹೆಸರು ಹಿಡಿದು ಹೇಳಬಲ್ಲವರು ಇಲ್ಲದೆ ಇದು ಆಗುವುದಿಲ್ಲ. ಆ ವಿದ್ಯೆ ಬರಲು ಒಂದು ಆಯುಷ್ಯ ಬೇಕು, ಕೂರಲು ಸರ್ಕಾರದ ಒಂದು ಕುರ್ಚಿ ಬೇಕು. ನಿವೃತ್ತರ ಜಾಗ ತುಂಬದೆ ಬಿಡುವುದು ಯಾವ ಇಲಾಖೆಗೂ ಹೊಸದಲ್ಲ. ಇಲ್ಲಿ ಹಾಗಾದರೆ ಪೆಟ್ಟು ಬೀಳುವುದು ಹೊಲಕ್ಕೆ.

2002ರಲ್ಲಿ ಬೆಳಗಾವಿ, ಬಾಗಲಕೋಟೆ ಕಡೆಯ ಕಬ್ಬಿಗೆ ಬಿಳಿ ಉಣ್ಣೆ ಹೇನು ಬಿದ್ದಾಗ ಆದದ್ದು ಎಲ್ಲರಿಗೂ ಪಾಠವಾಗಬೇಕಿತ್ತು. ಆಳೆತ್ತರ ದಾಟಿದ ಕಬ್ಬಿನೊಳಗೆ ಔಷಧಿ ಹೊಡೆಯುವುದೇ ಕಷ್ಟ, ಆದರೂ ಹೊಡೆದರು. ಹೇನನ್ನು ನಿಜಕ್ಕೂ ತಗ್ಗಿಸಿದ್ದು ಅದನ್ನು ತಿನ್ನುವ ಡಿಫಾ ಪತಂಗದ ಹುಳುಗಳು, ಮೈಕ್ರೋಮಸ್ ಎಂಬ ಜಾಲರಿ ರೆಕ್ಕೆಯ ಕೀಟ, ಜೊತೆಗೆ ಬಂದು ಸೇರಿಕೊಂಡ ಗುಲಗಂಜಿ ಹುಳುಗಳು. ಅವು ಹೆಚ್ಚಿದ್ದ ಹೊಲದಿಂದ ಕಬ್ಬಿನ ಗರಿ ಕೊಯ್ದು ಬೇರೆ ಹೊಲಕ್ಕೆ ಒಯ್ದು ಸಿಕ್ಕಿಸಿದರು. ಒಬ್ಬನ ಹೊಲದ ಹುಳು ಇನ್ನೊಬ್ಬನ ಹೊಲಕ್ಕೆ ಹೋಗಬೇಕಾದರೆ ಇಬ್ಬರೂ ಔಷಧಿ ನಿಲ್ಲಿಸಿರಬೇಕು. ಊರೇ ಒಟ್ಟಾಗಿ ಕಾಯಬೇಕಾದ ಕೆಲಸವಿದು.

ಒಟ್ಟಾಗಿ ಕಾಯದೆ ಹೋದರೆ ಎಲ್ಲಿಗೆ ಮುಟ್ಟುತ್ತದೆ ಎಂಬುದಕ್ಕೆ ಕಾಸರಗೋಡಿನ ಎಣ್ಮಕಜೆ ಇದೆ. ಗೇರು ತೋಪುಗಳ ಟೀ ಸೊಳ್ಳೆ ಎಂಬ ತಿಗಣೆಗೆಂದು ಎರಡು ದಶಕಕ್ಕೂ ಹೆಚ್ಚು ಕಾಲ ಆಕಾಶದಿಂದ ಎಂಡೋಸಲ್ಫಾನ್ ಸುರಿದರು. ಆ ಸೊಳ್ಳೆಯನ್ನು ಹಿಡಿದು ತಿನ್ನುವ ಚಗಳಿ ಇರುವೆ ಆ ಗುಡ್ಡಗಳದ್ದೇ ಜೀವಿ. ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. 2011ರಲ್ಲಿ ಸುಪ್ರೀಂ ಕೋರ್ಟು ಎಂಡೋಸಲ್ಫಾನನ್ನು ದೇಶಾದ್ಯಂತ ತಡೆಯುವ ಹೊತ್ತಿಗೆ ಅಲ್ಲಿನ ಕನ್ನಡ, ತುಳು, ಮಲಯಾಳಂ ಮನೆಗಳಲ್ಲಿ ಒಂದು ಪೀಳಿಗೆಯೇ ನರಳಿತ್ತು.

ಈಗ ಗಾಂಧಿ ಬಜಾರಿಗೆ, ಮಲ್ಲೇಶ್ವರದ ಎಂಟನೇ ಕ್ರಾಸಿಗೆ ಬರೋಣ. ಇಲ್ಲಿ ಸೊಪ್ಪು ತರಕಾರಿ ಆರಿಸುವವರು ಕೋಸನ್ನು ತಿರುಗಿಸಿ ನೋಡುತ್ತಾರೆ, ಮೆಂತ್ಯದ ಕಟ್ಟಿನಲ್ಲಿ ತೂತು ಬಿದ್ದ ಎಲೆ ಕಂಡರೆ ಪಕ್ಕಕ್ಕಿಡುತ್ತಾರೆ. ಪಕ್ಕಕ್ಕಿಟ್ಟ ಕಟ್ಟಿನ ನಷ್ಟ ವ್ಯಾಪಾರಿಯಿಂದ ದಲ್ಲಾಳಿಗೆ, ದಲ್ಲಾಳಿಯಿಂದ ಮಾಲೂರು ಹೊಸಕೋಟೆಯ ರೈತನಿಗೆ ಇಳಿಯುತ್ತದೆ. ಮುಂದಿನ ಬೆಳೆಗೆ ಅವನು ಒಂದು ಸಲ ಹೆಚ್ಚು ಹೊಡೆಯುತ್ತಾನೆ. ಅವನ ಸ್ಪ್ರೇಯರಿಗೆ ದಿನ ಗೊತ್ತು ಮಾಡುತ್ತಿರುವುದು ನಮ್ಮ ಕೈ.

ಆದರೆ ಇದೇ ಜನ, ಇದೇ ಬೀದಿಯಲ್ಲಿ, ಚಳಿಗಾಲ ಬಂದರೆ ಬೇರೆ ರೀತಿ ನಡೆದುಕೊಳ್ಳುತ್ತಾರೆ. ಅವರೆಕಾಯಿಯ ಕಾಲದಲ್ಲಿ ಸಜ್ಜನ್ ರಾವ್ ಸರ್ಕಲ್ ಸುತ್ತಮುತ್ತ ಮೂಟೆಗಟ್ಟಲೆ ಕಾಯಿ ಬಂದು ಬೀಳುತ್ತದೆ. ಸೊಗಡಿದೆಯೇ ಎಂದು ಮೂಸಿ ನೋಡಿ ಕೊಳ್ಳುತ್ತಾರೆ. ಮನೆಯಲ್ಲಿ ಪೇಪರು ಹಾಸಿ ಎಲ್ಲರೂ ಕೂತು ಸುಲಿಯುವಾಗ ಕಾಯೊಳಗಿಂದ ಹಸಿರು ಹುಳು ಹೊರಬರುತ್ತದೆ. ಯಾರೂ ಕಿರುಚುವುದಿಲ್ಲ. ಹುಳುವನ್ನು ಬೆರಳಲ್ಲಿ ತೆಗೆದು ಸಿಪ್ಪೆಯ ರಾಶಿಗೆ ಹಾಕಿ, ಕೊರೆದ ಕಾಳನ್ನು ಬೇರೆ ಮಾಡಿ, ಉಳಿದದ್ದನ್ನು ಹಿತುಕಿ ಸಾರು ಮಾಡುತ್ತಾರೆ. ಕಾಯಿಕೊರಕವನ್ನು ಗುಲಗಂಜಿ ಹುಳು ತಿನ್ನುವುದಿಲ್ಲ, ಅದು ನಿಜ. ನಾನು ಹೇಳುವುದು ನಮ್ಮ ಸಹನೆಯ ಬಗ್ಗೆ. ಅವರೆಗೆ ತೋರಿಸುವ ಆ ಸಹನೆಯಲ್ಲಿ ಕಾಲು ಭಾಗವನ್ನು ಮೆಂತ್ಯಕ್ಕೆ, ಕೋಸಿಗೆ, ದ್ರಾಕ್ಷಿಗೆ ತೋರಿಸಿದರೆ ಬೆಂಗಳೂರಿನ ಸುತ್ತಲಿನ ಹೊಲಗಳಲ್ಲಿ ಆ ಕೆಟ್ಟ ವಾರವನ್ನು ದಾಟಲು ರೈತನಿಗೆ ಧೈರ್ಯ ಬರುತ್ತದೆ. ಹೇನು ಹತ್ತಿದ ಕುಡಿಯನ್ನು ಉಪ್ಪುನೀರಲ್ಲಿ ಜಾಲಾಡಿದರೆ ಹೇನು ಹೋಗುತ್ತದೆ. ಎಲೆಯೊಳಕ್ಕೆ ಇಳಿದ ವಿಷ ಹೋಗುವುದಿಲ್ಲ.

ಬರೀ ಸಹನೆಯ ಉಪದೇಶ ಮಾಡಿ ಕೈತೊಳೆದುಕೊಳ್ಳುವುದು ಸರಿಯಲ್ಲ. ಕಾಯುವವನ ನಷ್ಟವನ್ನು ಹಂಚಿಕೊಳ್ಳುವ ವ್ಯವಸ್ಥೆ ಬೇಕು, ಅದಕ್ಕೆ ಬೇಕಾದ ಸಂಸ್ಥೆಗಳೂ ನಮ್ಮಲ್ಲಿವೆ. ದ್ರಾಕ್ಷಿ ಬೆಳೆಗಾರರ ಸಂಘವಾಗಿ ಹುಟ್ಟಿದ ಹಾಪ್‌ಕಾಮ್ಸ್, ಗುಲಗಂಜಿ ಹುಳು ಬಿಟ್ಟು ಬೆಳೆದ ದ್ರಾಕ್ಷಿಗೆ ಒಂದು ಖಾತರಿ ಬೆಲೆ ಕಟ್ಟಲಿ. ಗೊಂಚಲಿನಲ್ಲಿ ಒಂದೆರಡು ಕಲೆ ಇದ್ದರೂ ಆ ಬೆಲೆ ಇಳಿಸದಿರಲಿ. ದುಂಬಿಯನ್ನು ಹೊತ್ತಿಗೆ ಸರಿಯಾಗಿ, ತಿಗಣೆ ಗೊಂಚಲಿಗೆ ನುಗ್ಗುವ ಮುಂಚೆ, ತಲುಪಿಸುವ ಹೊಣೆಯನ್ನು ತೋಟಗಾರಿಕೆ ಇಲಾಖೆ ಹೊರಲಿ. ತಡವಾಗಿ ಬಂದ ದುಂಬಿಯಿಂದ ರೈತನ ನಂಬಿಕೆ ಹೋಗುವುದು ಬಿಟ್ಟರೆ ಬೇರೇನೂ ಆಗುವುದಿಲ್ಲ. ಅಕ್ಕಡಿ ಸಾಲಿಗೆ ಬಿಟ್ಟ ನೆಲಕ್ಕೆ ಎಕರೆ ಲೆಕ್ಕದಲ್ಲಿ ಸಹಾಯಧನ ಸಿಗಲಿ. ತಾರಸಿ ತೋಟದವರು ಹುಳು ಕೊಂಡು ತಂದು ಬಿಡುವ ಗೋಜಿಗೆ ಹೋಗುವುದು ಬೇಡ, ಅವು ಮರುದಿನವೇ ಹಾರಿಹೋಗುತ್ತವೆ. ಒಂದು ಕುಂಡದಲ್ಲಿ ಅಲಸಂದೆ ಹಾಕಿ ಅದರ ಕರಿ ಹೇನನ್ನು ಹಾಗೇ ಬಿಡಲಿ. ಕಿತ್ತಳೆ ಮೈಯ ಮೇಲೆ ಅಂಕುಡೊಂಕು ಕಪ್ಪು ಗೆರೆಯಿರುವ ಗುಲಗಂಜಿ ಹುಳು ಬೆಂಗಳೂರಿನಲ್ಲಿ ಇನ್ನೂ ಬೇಕಾದಷ್ಟಿದೆ, ಹೇನಿದ್ದ ಕಡೆ ತಾನಾಗಿಯೇ ಬರುತ್ತದೆ. ಹಳದಿ ಮೊಟ್ಟೆಗಳ ಸಣ್ಣ ಗುಂಪು ಎಲೆಯಡಿ ಕಂಡರೆ ಆ ಎಲೆಯನ್ನು ಕೀಳದಿದ್ದರೆ ಸಾಕು.

ಹಾಪ್‌ಕಾಮ್ಸ್‌ನ ಖಾತರಿ ಬೆಲೆಯ ಮಾತಿಗೆ ಹಣವೆಲ್ಲಿದೆ ಎಂದು ಕೇಳುವವರಿದ್ದಾರೆ. ಕಿಲೋಗೆ ಕೆಲವು ರೂಪಾಯಿ ಹೆಚ್ಚಿಗೆ ಕೊಟ್ಟು ಕೊಳ್ಳಬಲ್ಲ ಮನೆಗಳು ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳಲ್ಲಿ ಸಾವಿರಾರಿವೆ. ಆ ಹಣ ನೇರವಾಗಿ ಬೆಳೆದವನಿಗೆ ಮುಟ್ಟುತ್ತದೆ ಎಂದು ಮಳಿಗೆಯ ಬೋರ್ಡಿನಲ್ಲಿ, ಊರಿನ ಹೆಸರು ಸಮೇತ, ಬರೆದು ಹಾಕುವ ಕೆಲಸದಿಂದ ಸಂಘ ಶುರು ಮಾಡಬಹುದು.